ಮೋಟಾರು ಯಂತ್ರದ ತಂಪು ಮತ್ತು ಬೀಸಣಿಗೆಯ ಚರಿತ್ರೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ವಿವೇಚನೆ

ಮೋಟಾರು ವಾಹನದ ಚರಿತ್ರೆಯನ್ನು ಹೇಳುವ ಗ್ರಂಥಗಳಲ್ಲಿ ಯಂತ್ರದ ಶಕ್ತಿ, ವೇಗ, ಆಕಾರಗಳಿಗೆ ದೊರೆತಿರುವ ಸ್ಥಳವು ಅದನ್ನು ತಂಪಾಗಿರಿಸುವ ಉಪಾಯಗಳಿಗೆ ಸಾಮಾನ್ಯವಾಗಿ ದೊರೆತಿಲ್ಲ. ಇದಕ್ಕೆ ಕಾರಣವುಂಟು. ಈ ವಾಹನವು ಹುಟ್ಟಿ ಬೆಳೆದ ಜರ್ಮನಿ, ಫ್ರಾನ್ಸು, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ರೇಡಿಯೇಟರಿನ ನೀರು ಕುದಿಯದಂತೆ ಕಾಯುವುದು ಎಷ್ಟು ಮುಖ್ಯವೋ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟದಂತೆ ಕಾಯುವುದೂ ಅಷ್ಟೇ ಮುಖ್ಯವಾಗಿದ್ದಿತು. ಕುದಿದು ಹೋದ ನೀರನ್ನು ದಾರಿಯಲ್ಲಿ ಮತ್ತೆ ತುಂಬಿಕೊಳ್ಳುವುದು ಅಲ್ಲಿ ಕಷ್ಟದ ಕೆಲಸವಾಗಿರಲಿಲ್ಲ. ಅದೇ ಯಂತ್ರವು ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗಕ್ಕೆ ಬಂದು ನಿಂತಾಗ ಸಂಗತಿಯ ಸ್ವರೂಪವೇ ಬೇರೆಯಾಗುತ್ತದೆ. ಇಲ್ಲಿ ಗಾಳಿ ಬಿಸಿ, ನೀರು ವಿರಳ. ಆದ್ದರಿಂದ ರೇಡಿಯೇಟರಿನ ಹಿಂದೆ ತಿರುಗುವ ಬೀಸಣಿಗೆಯ ಚರಿತ್ರೆಯನ್ನು, ಅದರಲ್ಲಿಯೂ ಬೆಲ್ಟಿನಿಂದ ತಿರುಗುತ್ತಿದ್ದ ಬೀಸಣಿಗೆಯ ಸ್ಥಾನಕ್ಕೆ ವಿದ್ಯುತ್ ಬೀಸಣಿಗೆಯು ಬಂದ ಕಥೆಯನ್ನು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಕಡೆಯಿಂದ ನೋಡಿದರೆ ಅದರ ಅರ್ಥವು ಹೆಚ್ಚು ಸ್ಪಷ್ಟವಾಗುವುದೆಂದು ನಾವು ಭಾವಿಸಿದ್ದೇವೆ. ವಿದ್ಯುತ್ ಬೀಸಣಿಗೆಯ ನಿಜವಾದ ಸಾಧನೆ ಹೆಚ್ಚು ಗಾಳಿಯನ್ನು ಬೀಸಿದ್ದಲ್ಲ. ಗಾಳಿಯನ್ನು ಯಂತ್ರದ ವೇಗದ ಹಂಗಿನಿಂದ ಬಿಡಿಸಿದ್ದು. ಅದನ್ನು ಆರಿಸಿಕೊಳ್ಳುವವರು ಗಮನಿಸಬೇಕಾದದ್ದೂ ಇದನ್ನೇ.

ಮೊದಲು ಸೀಮೆಯ ವಿಚಾರ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ವರ್ಷದ ಮಳೆ ೫೦೦ ಮಿಲಿಮೀಟರಿನ ಆಸುಪಾಸಿನಲ್ಲಿ, ಹಲವು ವರ್ಷಗಳಲ್ಲಿ ಅದಕ್ಕಿಂತಲೂ ಕೆಳಗೆ ಇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನ ಉಷ್ಣತೆಯೇ ೪೦ ಡಿಗ್ರಿ ಸೆಂಟಿಗ್ರೇಡಿನ ಹತ್ತಿರಕ್ಕೆ ಏರುವುದುಂಟು. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಇಂಥ ಸೀಮೆಯಲ್ಲಿ ಶೇಂಗಾ ಬೆಳೆಯು ಬೇರೂರಿ, ಚಳ್ಳಕೆರೆಯು ಎಣ್ಣೆಗಿರಣಿಗಳ ಊರಾಗಿ, ‘ಎಣ್ಣೆಯ ನಗರ’ವೆಂದು ಹೆಸರು ಪಡೆಯಿತು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾಯಿತು. ಸೀರೆಯ ಗಂಟನ್ನು ಬಸ್ಸಿನ ಮೇಲೆ ಕಳುಹಿಸಬಹುದು. ಶೇಂಗಾ, ಎಣ್ಣೆ, ಹಿಂಡಿಗಳಿಗೆ ಲಾರಿಯೇ ಬೇಕು. ೧೯೯೦ರ ದಶಕದಲ್ಲಿ ಚಿತ್ರದುರ್ಗ–ರಾಯದುರ್ಗ ರೈಲುಮಾರ್ಗವು ತೆರೆಯುವವರೆಗೆ ಈ ಎರಡು ಊರುಗಳ ವ್ಯಾಪಾರವೆಲ್ಲವೂ ರಸ್ತೆಯನ್ನೇ ಆಶ್ರಯಿಸಿತ್ತು.

ಆ ರಸ್ತೆಯು ಚಳ್ಳಕೆರೆಯಿಂದ ಉತ್ತರಕ್ಕೆ ಹೊರಟು ತಳುಕು, ಹಾನಗಲ್, ರಾಂಪುರಗಳ ಮೂಲಕ ಬಳ್ಳಾರಿಯನ್ನು ಸೇರುತ್ತದೆ. ತಳುಕು ಎಂದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ವೆಂಕಣ್ಣಯ್ಯನವರ, ತ.ರಾ.ಸು. ಅವರ ನೆನಪಾಗುವುದು, ಪ್ರಸ್ತುತ ಲೇಖನಕ್ಕೆ ಮಾತ್ರ ಅದು ಹೆದ್ದಾರಿಯ ಮೇಲಿನ ಒಂದು ಊರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ೧೮೯೨ರಲ್ಲಿ ಬಿ.ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನಗಳು, ಈ ಒಣಭೂಮಿಯ ಮೂಲಕ ಜನಸಂಚಾರವು ಎಷ್ಟು ಹಳೆಯದೆಂಬುದನ್ನು ಸೂಚಿಸುತ್ತವೆ. ಎತ್ತಿನ ಗಾಡಿಯ ಕಾಲದಲ್ಲಿ ಕೆರೆ, ಬಾವಿ, ಹಳ್ಳಗಳ ಲೆಕ್ಕದಲ್ಲಿ ಪಯಣದ ಮಜಲುಗಳು ನಿಶ್ಚಯವಾಗುತ್ತಿದ್ದವು. ಮೋಟಾರು ಬಂದ ಮೇಲೆ ಆ ಲೆಕ್ಕವು ಮುಗಿಯಿತೆಂದು ತೋರಬಹುದು; ಆದರೆ ಎತ್ತಿಗೆ ಬೇಕಾಗಿದ್ದ ನೀರು ರೇಡಿಯೇಟರಿಗೂ ಬೇಕಾಯಿತು.

ಈ ಬೇಡಿಕೆಯ ಪ್ರಮಾಣವನ್ನು ತಿಳಿಯಲು ಯಂತ್ರದೊಳಗಿನ ಶಾಖದ ವ್ಯವಹಾರವನ್ನು ಸ್ವಲ್ಪ ನೋಡಬೇಕು. ಪೆಟ್ರೋಲ್ ಯಂತ್ರದಲ್ಲಿ ಇಂಧನದಿಂದ ಹುಟ್ಟುವ ಶಾಖದ ಸ್ಥೂಲವಾಗಿ ಮೂರನೆಯ ಒಂದು ಭಾಗವೋ, ಅದಕ್ಕಿಂತ ಕಡಮೆಯೋ, ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಭಾಗವು ಹೊಗೆಯೊಡನೆ ಹೊರಹೋಗುತ್ತದೆ. ಉಳಿದದ್ದನ್ನು ಸಿಲಿಂಡರಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸಬೇಕು. ಸಣ್ಣ ಕಾರೊಂದು ಏರಿನಲ್ಲಿ ೧೦ ಕಿಲೋವ್ಯಾಟಿನಷ್ಟು ದುಡಿಯುತ್ತಿದ್ದರೆ ಹೆಚ್ಚು ಕಡಮೆ ಅಷ್ಟೇ ಶಾಖವನ್ನು ಅದರ ನೀರು ಹೊರಹಾಕಬೇಕಾಗುವುದೆಂದು ಇಟ್ಟುಕೊಳ್ಳಬಹುದು. ಆ ಶಾಖವನ್ನು ನೀರನ್ನು ಕುದಿಸಿ ಆವಿಯಾಗಿ ಬಿಡುವುದರಿಂದಲೇ ಕಳೆಯಬೇಕಾದರೆ ಗಂಟೆಗೆ ಸುಮಾರು ೧೬ ಲೀಟರು, ಎಂದರೆ ಒಂದು ಕೊಡ, ನೀರು ಆವಿಯಾಗಬೇಕು.

ಮೊದಮೊದಲಿನ ವಾಹನಗಳು ಮಾಡುತ್ತಿದ್ದುದು ಇದನ್ನೇ. ಕಾರ್ಲ್ ಬೆಂಜ್‌ನು ೧೮೮೬ರಲ್ಲಿ ಹಕ್ಕುಪತ್ರ ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಆವಿಯಾಗುವುದರಿಂದ ಯಂತ್ರವು ತಂಪಾಗುತ್ತಿದ್ದಿತು. ೧೮೮೮ರಲ್ಲಿ ಅವನ ಪತ್ನಿ ಬೆರ್ತಾ ಬೆಂಜ್ ಮಕ್ಕಳಿಬ್ಬರೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕೈಗೊಂಡ ಪ್ರಖ್ಯಾತ ಪ್ರಯಾಣದಲ್ಲಿ ದಾರಿಯುದ್ದಕ್ಕೂ ನೀರನ್ನು ಮತ್ತೆ ಮತ್ತೆ ತುಂಬಿಕೊಳ್ಳಬೇಕಾಯಿತು. ಆ ದಾರಿ ರೈನ್ ನದಿಯ ಬಯಲಿನದು, ನೀರಿಗೆ ಬರವಿರಲಿಲ್ಲ. ಅದೇ ಗಾಡಿಯನ್ನು ಮೇ ತಿಂಗಳಿನಲ್ಲಿ ಹಾನಗಲ್ಲಿನ ರಸ್ತೆಗೆ ತಂದಿದ್ದರೆ ಪ್ರಯಾಣವು ಅಷ್ಟು ಪ್ರಖ್ಯಾತವಾಗುತ್ತಿತ್ತೋ ಇಲ್ಲವೋ ಹೇಳಲಾರೆವು.

ಈ ಸ್ಥಿತಿಯನ್ನು ಬದಲಿಸಿದವನು ವಿಲ್ಹೆಲ್ಮ್ ಮೈಬಾಖ್. ೧೯೦೦–೦೧ರಲ್ಲಿ ಅವನು ರಚಿಸಿದ ಮರ್ಸಿಡಿಸ್ ಕಾರಿನ ರೇಡಿಯೇಟರು ಜೇನುಗೂಡಿನಂತೆ ೮,೦೭೦ ಸಣ್ಣ ಚೌಕ ಕೊಳವೆಗಳಿಂದ ಕೂಡಿದ್ದಿತು. ಒಂದೊಂದರ ಬದಿ ೬ ಮಿಲಿಮೀಟರು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಣ ಸಂದುಗಳಲ್ಲಿ ನೀರು. ನೀರು ಖರ್ಚಾಗದೆ ಮತ್ತೆ ಮತ್ತೆ ಸುತ್ತತೊಡಗಿತು. ಶಾಖವನ್ನು ಒಯ್ಯುವ ಭಾರವು ನೀರಿನಿಂದ ಗಾಳಿಗೆ ವರ್ಗವಾಯಿತೆಂದು ಹೇಳಿದರೆ ಸರಿಯಾದೀತು. ಗಾಡಿ ನಿಧಾನವಾಗಿ ಹೋಗುವಾಗ ಗಾಳಿ ಸಾಲದೆಂಬುದನ್ನು ಮನಗಂಡ ಮೈಬಾಖ್‌ನು ರೇಡಿಯೇಟರಿನ ಹಿಂದೆ ಒಂದು ಬೀಸಣಿಗೆಯನ್ನೂ ಇಟ್ಟನು. ಬೀಸಣಿಗೆಯು ಹುಟ್ಟಿದ್ದೇ ನಿಧಾನಗತಿಗಾಗಿ ಎಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಅರವತ್ತು ವರ್ಷಗಳ ತೊಡಕೆಲ್ಲವೂ ಇದರ ಸುತ್ತಲೇ ಇದೆ.

ತೊಡಕು ಇದು. ಬೀಸಣಿಗೆಯನ್ನು ತಿರುಗಿಸಲು ಸುಲಭವಾಗಿ ದೊರಕುತ್ತಿದ್ದುದು ಯಂತ್ರದ ದಂಡವೇ. ಅದಕ್ಕೆ ಬೆಲ್ಟು ತೊಡಿಸಿದರೆ ಕೆಲಸ ಮುಗಿಯಿತು. ೧೯೦೮ರಿಂದ ೧೯೨೭ರವರೆಗೆ ತಯಾರಾಗಿ ಜಗತ್ತಿನಲ್ಲೆಲ್ಲ ಹರಡಿದ ಫೋರ್ಡ್ ‘ಟಿ’ ಕಾರಿನಲ್ಲಿಯೂ ಹೀಗೆಯೇ ಇದ್ದಿತು. ಮೊದಲ ಕೆಲವು ಸಾವಿರ ಕಾರುಗಳ ಹೊರತು ಅದರಲ್ಲಿ ನೀರಿನ ಪಂಪು ಸಹ ಇರಲಿಲ್ಲ, ಕಾದ ನೀರು ತಾನಾಗಿ ಮೇಲೇರಿ ತಣಿದ ನೀರು ಕೆಳಗಿಳಿಯುವುದರಿಂದಲೇ ಸುತ್ತಾಟ ನಡೆಯುತ್ತಿದ್ದಿತು. ಬೆಲ್ಟಿನ ಬೀಸಣಿಗೆಯು ಯಂತ್ರದ ವೇಗದೊಡನೆ ಏರಿಳಿಯುತ್ತದೆ. ಗಾಡಿ ನಿಂತು ಯಂತ್ರವು ಮೆಲ್ಲಗೆ ತಿರುಗುವಾಗ, ಎಂದರೆ ಎದುರುಗಾಳಿ ಇಲ್ಲದೆ ಬೀಸಣಿಗೆಯೊಂದೇ ಗತಿಯಾಗಿರುವಾಗ, ಅದೂ ಮೆಲ್ಲಗೆ ತಿರುಗುತ್ತದೆ. ಗಾಡಿ ವೇಗವಾಗಿ ಓಡಿ ಎದುರುಗಾಳಿಯೇ ಸಾಕಾಗುವಾಗ ಅದು ಭೋರೆಂದು ತಿರುಗುತ್ತದೆ. ಬೇಡಿದಾಗ ಕೊಡದೆ ಬೇಡವಾದಾಗ ಸುರಿಯುವ ದಾನಿಯಂತೆ ಇದರ ವರ್ತನೆ. ಬೀಸಣಿಗೆ ತಿನ್ನುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ನಷ್ಟವೂ ಅಲ್ಪವಲ್ಲ: ನಿಮಿಷಕ್ಕೆ ೮೦೦ ಸುತ್ತಿನಿಂದ ೪,೦೦೦ ಸುತ್ತಿಗೆ ಏರಿದರೆ ಗಾಳಿ ಐದು ಪಟ್ಟು, ಶಕ್ತಿಯ ಖರ್ಚು ೧೨೫ ಪಟ್ಟು.

ಮೈಸೂರು ಸಂಸ್ಥಾನದಲ್ಲಿ ಬಸ್ಸು, ಲಾರಿಗಳು ಹಳ್ಳಿಗಾಡನ್ನು ಹೊಕ್ಕದ್ದು ಈ ಬೆಲ್ಟಿನ ಬೀಸಣಿಗೆಯ ಕಾಲದಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರವಾಗಿ, ಇದ್ದಿಲಿನ ಅನಿಲದಿಂದ ಓಡುವ ಬಸ್ಸುಗಳು ಬಳಕೆಗೆ ಬಂದವು. ಇದ್ದಿಲಿನ ಅನಿಲದಲ್ಲಿ ಯಂತ್ರದ ಶಕ್ತಿಯು ಬಹಳವಾಗಿ ಕುಗ್ಗುವುದರಿಂದ ಏರು ಬಂದ ಕಡೆಯಲ್ಲೆಲ್ಲ ಕೆಳಗಿನ ಗೇರಿನಲ್ಲಿ ತೆವಳಬೇಕು. ತೆವಳುವಾಗ ಎದುರುಗಾಳಿ ಇಲ್ಲ. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಆರಂಭವಾಯಿತು. ೧೯೬೧ರಲ್ಲಿ ಅದು ನಿಗಮವಾಯಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರಿಗೆ ಸೇರುವವರೆಗೆ ಮೊಳಕಾಲ್ಮೂರು ತಾಲ್ಲೂಕು ಸಂಸ್ಥಾನದ ಗಡಿಯಾಗಿ ಮದರಾಸು ಪ್ರಾಂತ್ಯದೊಳಕ್ಕೆ ಚಾಚಿಕೊಂಡಿತ್ತು. ಗಡಿಯು ಹೋದ ಬಳಿಕ ಬಳ್ಳಾರಿಯ ರಸ್ತೆಗೆ ಹೊಸ ಮಹತ್ವ ಬಂದಿತು. ಖಾಸಗಿ ಬಸ್ಸುಗಳಂತೂ ಈ ಜಿಲ್ಲೆಯಲ್ಲಿ ಬಹುಕಾಲ ಓಡಾಡಿದವು. ಯಾರ ಬಸ್ಸೇ ಆಗಲಿ, ಚಾಲಕನ ಕಾಲ ಬಳಿ ನೀರಿನ ಡಬ್ಬ ಇರುತ್ತಿದ್ದಿತು. ನಿಲ್ದಾಣದಲ್ಲಿ ಬಾನೆಟ್ಟನ್ನು ಎತ್ತಿ, ಕೈಗೆ ಚಿಂದಿಬಟ್ಟೆ ಸುತ್ತಿಕೊಂಡು ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ಆವಿ ಇಳಿಯುವವರೆಗೆ ಕಾದು ನೀರು ಹೊಯ್ಯುವುದು ಕ್ಲೀನರನು ಕಲಿಯಬೇಕಾದ ಮೊದಲ ವಿದ್ಯೆಗಳಲ್ಲಿ ಒಂದು. ಆ ವಿದ್ಯೆಯಲ್ಲಿ ಅವಸರಪಟ್ಟವರ ಮುಂಗೈಯಲ್ಲಿ ಸುಟ್ಟ ಕಲೆ ಉಳಿಯುತ್ತಿದ್ದಿತು.

ಮುಚ್ಚಳದ ಮಾತು ಬಂದುದರಿಂದ ಇಲ್ಲಿಯೇ ಒಂದು ವಿಷಯವನ್ನು ಹೇಳಿಬಿಡುವುದು ಲೇಸು. ಚಳ್ಳಕೆರೆಯು ಸಮುದ್ರಮಟ್ಟಕ್ಕಿಂತ ಸುಮಾರು ೬೦೦ ಮೀಟರು ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ ೯೮ ಡಿಗ್ರಿಯಲ್ಲಿ ಕುದಿಯುತ್ತದೆ. ಒತ್ತಡವನ್ನು ತಡೆಯುವ ಸ್ಪ್ರಿಂಗಿನ ಮುಚ್ಚಳವು ಬಳಕೆಗೆ ಬಂದ ಮೇಲೆ ರೇಡಿಯೇಟರಿನೊಳಗೆ ಹೊರಗಿನದಕ್ಕಿಂತ ೦.೯ ಬಾರಿನಷ್ಟು ಅಧಿಕ ಒತ್ತಡವಿದ್ದು, ಕುದಿಯುವ ಬಿಂದು ೧೧೭ ಡಿಗ್ರಿಯವರೆಗೆ ಏರಿತು. ಆವಿಯಾಗಿ ಹೋಗುತ್ತಿದ್ದ ನೀರನ್ನು ಉಳಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಈ ಸಣ್ಣ ಮುಚ್ಚಳಕ್ಕೆ ಸಲ್ಲಬೇಕು. ಅದರ ರಬ್ಬರು ಹಳತಾಗಿ ಒತ್ತಡ ನಿಲ್ಲದಿದ್ದರೆ ಎಂತಹ ಬೀಸಣಿಗೆಯನ್ನು ತಂದರೂ ನೀರು ಕುದಿಯುವುದು ತಪ್ಪದು.

ಬೆಲ್ಟಿನ ಬೀಸಣಿಗೆಯ ದೋಷವನ್ನು ಕಣ್ಣಾರೆ ಕಾಣಬೇಕಾದರೆ ಫಾಲ್ಗುಣ ಮಾಸದಲ್ಲಿ ನಡೆಯುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಜಾತ್ರೆಯಂಥ ಸಂದರ್ಭವನ್ನು ನೆನೆಯಬಹುದು. ಚಳ್ಳಕೆರೆ ತಾಲ್ಲೂಕಿನ ಈ ಊರಿಗೆ ರಥೋತ್ಸವದ ದಿನ ಲಕ್ಷಾಂತರ ಜನ ಸೇರುತ್ತಾರೆ. ಮಾರ್ಚ್ ತಿಂಗಳ ಬಿಸಿಲು ಆಗಲೇ ಬಲಿತಿರುತ್ತದೆ. ಎತ್ತಿನ ಗಾಡಿ, ಬಸ್ಸು, ಟ್ರಾಕ್ಟರು, ಕಾರುಗಳು ಒಂದರ ಹಿಂದೊಂದು ಹೆಜ್ಜೆಯ ಲೆಕ್ಕದಲ್ಲಿ ಸರಿಯುವಾಗ, ಯಂತ್ರವು ಮೆಲ್ಲಗೆ ತಿರುಗುತ್ತ, ಮುಂದಿನ ಗಾಡಿಯ ಬಿಸಿಯುಸಿರನ್ನೇ ಸೇವಿಸುತ್ತ ನಿಲ್ಲಬೇಕಾಗುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಚಾಲಕರು ಇಂಥಲ್ಲಿ ಗೇರನ್ನು ಬಿಡಿಸಿ ಆಕ್ಸಿಲರೇಟರನ್ನು ಒತ್ತಿ ಹಿಡಿಯುತ್ತಿದ್ದರು. ಬಲ್ಲವರಲ್ಲದವರಿಗೆ ಇದು ಪೆಟ್ರೋಲಿನ ದುಂದೆಂದು ತೋರುತ್ತಿದ್ದಿತು; ವಾಸ್ತವವಾಗಿ ಅವರು ಬೀಸಣಿಗೆಯನ್ನು ತಿರುಗಿಸಲೆಂದು ಯಂತ್ರವನ್ನು ಓಡಿಸುತ್ತಿದ್ದರು.

ಇಷ್ಟು ಸ್ಪಷ್ಟವಾದ ದೋಷಕ್ಕೆ ವಿದ್ಯುತ್ ಮೋಟಾರಿನ ಪರಿಹಾರವು ಏಕೆ ಬೇಗನೆ ಬರಲಿಲ್ಲ? ಈ ಪ್ರಶ್ನೆಗೆ ಉತ್ತರವು ಬೀಸಣಿಗೆಯಲ್ಲಿಲ್ಲ, ಡೈನಮೋದಲ್ಲಿದೆ. ಹಳೆಯ ಕಾರುಗಳ ಡೈನಮೋ ಪೂರ್ಣವೇಗದಲ್ಲಿ ಸುಮಾರು ೨೦ ಆಂಪಿಯರು ಕೊಡುತ್ತಿದ್ದಿತು. ಯಂತ್ರವು ಮೆಲ್ಲಗೆ ತಿರುಗುವಾಗ ಏನನ್ನೂ ಕೊಡುತ್ತಿರಲಿಲ್ಲವೆಂದರೆ ತಪ್ಪಾಗದು. ವಿದ್ಯುತ್ ಬೀಸಣಿಗೆಗೆ ಕೆಲಸ ಬೀಳುವುದು ಸರಿಯಾಗಿ ಆ ಹೊತ್ತಿನಲ್ಲಿಯೇ. ಆಗ ಅದು ಬ್ಯಾಟರಿಯನ್ನು ಹೀರಬೇಕು. ಬ್ಯಾಟರಿ ಬಳಲಿದರೆ ಕಾರು ಮರಳಿ ಚಾಲೂ ಆಗದು. ಹೀಗಾಗಿ ಬೆಲ್ಟಿನ ದೋಷವನ್ನು ಕಳೆಯಲು ಹೊರಟವರು ಡೈನಮೋದ ಅದೇ ದೋಷಕ್ಕೆ ಸಿಕ್ಕಿಬೀಳುತ್ತಿದ್ದರು. ಸಿಲಿಕಾನ್ ಡಯೋಡುಗಳು ಅಗ್ಗವಾಗಿ ಆಲ್ಟರ್ನೇಟರು ಕಾರಿಗೆ ಬಂದ ಮೇಲೆ ಮಾತ್ರ ನಿಧಾನಗತಿಯಲ್ಲಿಯೂ ವಿದ್ಯುತ್ತು ದೊರೆಯುವಂತಾಯಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ೧೯೬೦ರ ವೇಲಿಯಂಟ್ ಕಾರಿನಲ್ಲಿ ಇದನ್ನು ತಂದಿತು.

೧೯೬೧ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜಾಗ್ವಾರ್ ‘ಇ’ ಮಾದರಿಯ ಕಾರು ಈ ಸಂಧಿಕಾಲಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ನೀರಿನ ಉಷ್ಣತೆಯನ್ನು ನೋಡಿ ತಾನಾಗಿ ಚಾಲೂ ಆಗುವ ವಿದ್ಯುತ್ ಬೀಸಣಿಗೆಯಿದ್ದಿತು. ವಿದ್ಯುತ್ತನ್ನು ಕೊಡಲು ಇದ್ದುದು ಮಾತ್ರ ಡೈನಮೋ. ನಗರದ ಸಂದಣಿಯಲ್ಲಿ ಬಿಸಿಯೇರುವ ಕಾರೆಂಬ ಅಪಖ್ಯಾತಿ ಅದಕ್ಕೆ ಅಂಟಿಕೊಂಡಿತು. ೧೯೬೪ರಲ್ಲಿ ೪.೨ ಲೀಟರಿನ ಯಂತ್ರದೊಡನೆ ಅದೇ ಕಾರಿಗೆ ಆಲ್ಟರ್ನೇಟರು ಬಂದಿತು. ಒಂದು ಉಪಕರಣವು ಇನ್ನೊಂದಕ್ಕೆ ಕಾಯಬೇಕಾಗುವ ಇಂಥ ಪ್ರಸಂಗಗಳು ತಂತ್ರವಿದ್ಯೆಯ ಚರಿತ್ರೆಯಲ್ಲಿ ಎಷ್ಟೋ ಇವೆ. ಅವುಗಳನ್ನು ಬಿಟ್ಟು ಕೇವಲ ‘ಮೊದಲು ಕಂಡುಹಿಡಿದವರಾರು’ ಎಂದು ಕೇಳುವ ಪದ್ಧತಿಯಿಂದ ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ.

ವಿದ್ಯುತ್ ಬೀಸಣಿಗೆಯನ್ನು ಸಾಮಾನ್ಯ ಕಾರುಗಳಿಗೆ ಅನಿವಾರ್ಯವಾಗಿಸಿದ ಇನ್ನೊಂದು ಕಾರಣವು ತಂಪಿಗೆ ಸಂಬಂಧಿಸಿದ್ದೇ ಅಲ್ಲ. ಮುಂಚಕ್ರಗಳೇ ಎಳೆಯುವ ಸಣ್ಣ ಕಾರುಗಳಲ್ಲಿ ಸ್ಥಳ ಉಳಿಸಲು ಯಂತ್ರವನ್ನು ಅಡ್ಡವಾಗಿ ಇಡತೊಡಗಿದರು. ಯಂತ್ರವು ಅಡ್ಡವಾದಾಗ ಅದರ ದಂಡದ ತುದಿ ಪಕ್ಕಕ್ಕೆ ತಿರುಗುತ್ತದೆ. ಮುಂದೆ ನಿಂತ ರೇಡಿಯೇಟರಿನ ಬೀಸಣಿಗೆಗೆ ನೇರವಾಗಿ ಬೆಲ್ಟು ಹಾಕಲು ಆಗದು. ೧೯೫೯ರ ಮಿನಿ ಕಾರಿನಲ್ಲಿ ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿ, ಬಿಸಿಗಾಳಿಯನ್ನು ಚಕ್ರದ ಕಡೆಗೆ ತಳ್ಳಿ ಪಾರಾದರು. ೧೯೬೯ರ ಫಿಯಟ್ ೧೨೮ರಲ್ಲಿ ರೇಡಿಯೇಟರು ಮುಂದಕ್ಕೇ ಬಂದು ವಿದ್ಯುತ್ ಬೀಸಣಿಗೆಯನ್ನು ಪಡೆಯಿತು. ಭಾರತದಲ್ಲಿ ಈ ಬದಲಾವಣೆಯನ್ನು ಮನೆಮನೆಗೆ ತಂದದ್ದು ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦. ೭೯೬ ಘನ ಸೆಂಟಿಮೀಟರಿನ ಅದರ ಯಂತ್ರವೂ ಅಡ್ಡವಾಗಿಯೇ ಕುಳಿತಿದ್ದಿತು. ಕಾರನ್ನು ನಿಲ್ಲಿಸಿ ಕೀಲಿ ತೆಗೆದ ಮೇಲೂ ಕೆಲವು ಮಾದರಿಗಳಲ್ಲಿ ಬಾನೆಟ್ಟಿನೊಳಗೆ ಬೀಸಣಿಗೆ ತಾನಾಗಿ ತಿರುಗುವುದನ್ನು ಕಂಡು ಬೆಲ್ಟಿನ ಕಾಲದ ಚಾಲಕರು ಬೆರಗಾದದ್ದು ಸಹಜ.

ಈಗ ಆಯ್ಕೆಯ ಪ್ರಶ್ನೆಗೆ ಬರೋಣ. ಹಳೆಯ ಕಾರಿಗೋ ಜೀಪಿಗೋ ವಿದ್ಯುತ್ ಬೀಸಣಿಗೆಯನ್ನು ಕೂಡಿಸಬೇಕೆನ್ನುವವರಿಗೆ, ಕೆಟ್ಟುಹೋದ ಬೀಸಣಿಗೆಯ ಬದಲು ಇನ್ನೊಂದನ್ನು ಕೊಳ್ಳುವವರಿಗೆ, ಅಂಗಡಿಯಲ್ಲಿ ಎದುರಾಗುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಒಂದು ಅಂಕಿ: ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. ಈ ಅಂಕಿಯನ್ನು ಚಳ್ಳಕೆರೆಯ ಬಿಸಿಲಿಗೆ ಹೊಂದಿಸಿ ಓದುವುದು ಹೇಗೆ? ಮೇಲೆ ಹೇಳಿದ ೧೦ ಕಿಲೋವ್ಯಾಟ್ ಶಾಖವನ್ನೇ ತೆಗೆದುಕೊಳ್ಳೋಣ. ರೇಡಿಯೇಟರಿನಿಂದ ಹೊರಬರುವ ಗಾಳಿ ೭೦ ಡಿಗ್ರಿಗೆ ಕಾದಿರುವುದೆಂದು ಇಟ್ಟುಕೊಂಡರೆ, ಬೆಂಗಳೂರಿನ ೨೫ ಡಿಗ್ರಿಯ ಗಾಳಿಯು ೪೫ ಡಿಗ್ರಿಯಷ್ಟು ಶಾಖವನ್ನು ಹೀರಬಲ್ಲದು. ಗಂಟೆಗೆ ಸುಮಾರು ೭೫೦ ಘನ ಮೀಟರು ಗಾಳಿ ಸಾಕು. ಚಳ್ಳಕೆರೆಯ ೪೦ ಡಿಗ್ರಿಯ ಗಾಳಿಯು ೩೦ ಡಿಗ್ರಿಯಷ್ಟನ್ನು ಮಾತ್ರ ಹೀರುವುದರಿಂದ ಸುಮಾರು ೧,೧೪೦ ಘನ ಮೀಟರು, ಎಂದರೆ ನಿಮಿಷಕ್ಕೆ ೬೭೦ ಘನ ಅಡಿ ಬೇಕು. ಅದೇ ಕಾರಿಗೆ, ಅದೇ ಕೆಲಸಕ್ಕೆ, ಒಂದೂವರೆ ಪಟ್ಟು ಗಾಳಿ! ಹವಾನಿಯಂತ್ರಣವಿರುವ ಕಾರಾದರೆ ರೇಡಿಯೇಟರಿನ ಮುಂದೆ ನಿಂತ ಕಂಡೆನ್ಸರು ಗಾಳಿಯನ್ನು ಮೊದಲೇ ಕಾಯಿಸಿಬಿಡುವುದರಿಂದ ಇದೂ ಸಾಲದು.

ಪೆಟ್ಟಿಗೆಯ ಅಂಕಿಯಾದರೋ ಬಹುಮಟ್ಟಿಗೆ ಬೀಸಣಿಗೆಯನ್ನು ಬಯಲಿನಲ್ಲಿ, ಎದುರಿಗೆ ಏನೂ ಇಲ್ಲದೆ ತಿರುಗಿಸಿ ಅಳೆದದ್ದು. ರೇಡಿಯೇಟರಿನ ಒತ್ತಾದ ರೆಕ್ಕೆಗಳ ಮೂಲಕ ಗಾಳಿಯನ್ನು ಸೆಳೆಯುವಾಗ ಅದು ನೀರಿನ ೧೦–೧೫ ಮಿಲಿಮೀಟರು ಎತ್ತರದಷ್ಟು ಒತ್ತಡದ ಎದುರು ಕೆಲಸ ಮಾಡಬೇಕಾಗುತ್ತದೆ. ಬಯಲಿನಲ್ಲಿ ಒಂದೇ ಅಂಕಿಯನ್ನು ತೋರುವ ಎರಡು ಬೀಸಣಿಗೆಗಳಲ್ಲಿ ಒಂದು ಈ ಒತ್ತಡದ ಎದುರು ಮುಕ್ಕಾಲು ಪಾಲನ್ನು ಉಳಿಸಿಕೊಳ್ಳಬಹುದು, ಇನ್ನೊಂದು ಅರ್ಧಕ್ಕಿಂತ ಕೆಳಗೆ ಕುಸಿಯಬಹುದು. ಒತ್ತಡಕ್ಕೂ ಗಾಳಿಗೂ ಇರುವ ಸಂಬಂಧವನ್ನು ತೋರಿಸುವ ರೇಖಾಚಿತ್ರವನ್ನು ಒಳ್ಳೆಯ ತಯಾರಕರು ಕೊಡುತ್ತಾರೆ, ನೋಡಬೇಕಾದದ್ದು ಅದನ್ನು. ಅದು ದೊರೆಯದಿದ್ದರೆ ಮೋಟಾರು ಎಳೆಯುವ ವಿದ್ಯುತ್ತನ್ನು ಕೇಳಬಹುದು. ತೀರ ಕಡಮೆ ಆಂಪಿಯರು ಎಳೆದು ಅಪಾರ ಗಾಳಿ ಕೊಡುವುದೆಂದು ಹೇಳಿಕೊಳ್ಳುವ ಬೀಸಣಿಗೆಯನ್ನು ನಂಬಲು ಕಾರಣವಿಲ್ಲ, ಏಕೆಂದರೆ ಒತ್ತಡದ ಎದುರು ಗಾಳಿಯನ್ನು ತಳ್ಳುವುದಕ್ಕೆ ತಕ್ಕ ಶಕ್ತಿಯನ್ನು ತೆರಲೇಬೇಕು.

ಬೀಸಣಿಗೆಯನ್ನು ರೇಡಿಯೇಟರಿನ ಹಿಂದಿಟ್ಟು ಗಾಳಿಯನ್ನು ಸೆಳೆಯುವುದು ಉತ್ತಮ. ಮುಂದಿಟ್ಟು ತಳ್ಳಿದರೆ ವೇಗವಾಗಿ ಓಡುವಾಗ ಮೋಟಾರೂ ಅಲಗುಗಳೂ ಎದುರುಗಾಳಿಗೆ ಅಡ್ಡ ನಿಲ್ಲುತ್ತವೆ. ಇದಕ್ಕಿಂತಲೂ ಮುಖ್ಯವಾದದ್ದು, ಬೀಸಣಿಗೆಯಿಂದ ರೇಡಿಯೇಟರಿನ ನಾಲ್ಕು ಅಂಚುಗಳಿಗೂ ಹರಡಿದ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಗೂಡು. ಚೌಕ ರೇಡಿಯೇಟರಿನ ಹಿಂದೆ ದುಂಡು ಬೀಸಣಿಗೆಯನ್ನು ಬರಿದೇ ಕಟ್ಟಿದರೆ ಮೂಲೆಗಳಲ್ಲಿ ಗಾಳಿಯಾಡುವುದಿಲ್ಲ. ಸಣ್ಣ ಬೀಸಣಿಗೆಯನ್ನು ರೇಡಿಯೇಟರಿನ ರೆಕ್ಕೆಗಳ ಮೂಲಕವೇ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಬಿಗಿಯುವ ಪದ್ಧತಿಯನ್ನು ಕೆಲವೆಡೆ ನೋಡುತ್ತೇವೆ. ಅದರ ಅಲುಗಾಟದಿಂದ ಕೊಳವೆ ಸವೆದು ಸೋರತೊಡಗುವುದುಂಟು. ಗೂಡಿನೊಡನೆ ಚೌಕಟ್ಟಿಗೆ ಬಿಗಿದ ಸಾಧಾರಣ ಬೀಸಣಿಗೆಯು ಗೂಡಿಲ್ಲದ ಬಲವಾದ ಬೀಸಣಿಗೆಗಿಂತ ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ವಿದ್ಯುತ್ತಿನ ಲೆಕ್ಕವನ್ನು ಮರೆಯುವಂತಿಲ್ಲ. ಹತ್ತೋ ಹನ್ನೆರಡೋ ಆಂಪಿಯರಿನ ಬೀಸಣಿಗೆ ಸಣ್ಣ ಕಾರಿಗೆ ಸಾಕಾದರೆ ದೊಡ್ಡ ಯಂತ್ರಕ್ಕೆ ಇಪ್ಪತ್ತು, ಮೂವತ್ತು ಆಂಪಿಯರೂ ಬೇಕಾದೀತು. ನಿಧಾನಗತಿಯಲ್ಲಿ ಆಲ್ಟರ್ನೇಟರು ತನ್ನ ಪೂರ್ಣಶಕ್ತಿಯ ಅರ್ಧವನ್ನೇ ಕೊಡುವುದೆಂದು ಹಿಡಿದು, ಅದರಲ್ಲಿ ದೀಪ, ಹವಾನಿಯಂತ್ರಣಗಳ ಪಾಲನ್ನು ಕಳೆದು ಉಳಿದದ್ದನ್ನು ನೋಡಬೇಕು. ತಂತಿಯು ಸಣ್ಣದಾಗಿ ಮೋಟಾರಿಗೆ ಹದಿಮೂರೂವರೆ ವೋಲ್ಟಿನ ಬದಲು ಹನ್ನೆರಡೇ ತಲುಪಿದರೆ ವೇಗವು ನೂರಕ್ಕೆ ಹತ್ತರಷ್ಟು ಕುಗ್ಗುವುದು, ಗಾಳಿಯೂ ಅಷ್ಟೇ ಕುಗ್ಗುವುದು. ದಪ್ಪ ತಂತಿ, ಬೀಸಣಿಗೆಗೇ ಪ್ರತ್ಯೇಕವಾದ ಫ್ಯೂಸು ಮತ್ತು ರಿಲೇ ಇವು ಅಗತ್ಯ. ಚಾಲೂ ಆಗುವ ಉಷ್ಣತೆಯು ಥರ್ಮೋಸ್ಟಾಟು ಪೂರ್ತಿ ತೆರೆಯುವ ಮಟ್ಟಕ್ಕಿಂತ ಕೆಲವು ಡಿಗ್ರಿ ಮೇಲಿರಬೇಕು. ಬಿಸಿಲನ್ನು ಹೆದರಿ ಅದನ್ನು ತೀರ ಕೆಳಗಿಳಿಸಿದರೆ ಬೀಸಣಿಗೆಯು ದಿನವಿಡೀ ತಿರುಗಿ ಮೋಟಾರಿನ ಇದ್ದಿಲು ಕಡ್ಡಿಗಳು ಬೇಗ ಸವೆಯುತ್ತವೆ. ಯಂತ್ರಕ್ಕೆ ಇದರಿಂದ ಆಗುವ ಲಾಭ ಏನೂ ಇಲ್ಲ. ತೆರೆದ ರಸ್ತೆಯಲ್ಲಿ ಗಂಟೆಗೆ ೫೦–೬೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿಗೆ ಸಾಮಾನ್ಯವಾಗಿ ಎದುರುಗಾಳಿಯೇ ಸಾಕು. ಆ ವೇಗದಲ್ಲಿಯೂ ನೀರು ಬಿಸಿಯೇರುತ್ತಿದ್ದರೆ ದೋಷವು ಬೀಸಣಿಗೆಯದಲ್ಲವೆಂದೇ ತಿಳಿಯಬೇಕು.

ಹಾಗಾದರೆ ಅದು ಯಾರದು? ಈ ಸೀಮೆಯಲ್ಲಿ ಮೊದಲು ಅನುಮಾನಪಡಬೇಕಾದದ್ದು ನೀರನ್ನು ಮತ್ತು ಧೂಳನ್ನು. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಹೊಯ್ದ ರೇಡಿಯೇಟರಿನ ಕೊಳವೆಗಳಲ್ಲಿ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅದು ಶಾಖವನ್ನು ತಡೆಯುತ್ತದೆ, ಕೊನೆಗೆ ಕೊಳವೆಯನ್ನೇ ಮುಚ್ಚುತ್ತದೆ. ಕೂಲೆಂಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆ‌ಸಿ ಹಾಕುವುದು ಹೆಪ್ಪುಗಟ್ಟುವ ಭಯವಿಲ್ಲದ ನಮ್ಮ ಸೀಮೆಗೆ ಅನಗತ್ಯವೆಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ತುಕ್ಕು ಮತ್ತು ಹಕ್ಕಳೆಗಳನ್ನು ತಡೆಯುವ ಅದರ ಗುಣವು ಇಲ್ಲಿಗೆ ಇನ್ನೆಲ್ಲಿಗಿಂತಲೂ ಹೆಚ್ಚು ಬೇಕಾದದ್ದು.

ಹೊರಗಿನ ಶತ್ರು ಇನ್ನೂ ವಿಚಿತ್ರವಾದದ್ದು. ಸುಗ್ಗಿಯಲ್ಲಿ ರಾಗಿ, ಸಜ್ಜೆ, ನವಣೆ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಹಾದುಹೋಗುವ ವಾಹನಗಳ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ರೂಢಿಯು ಬಯಲುಸೀಮೆಯಲ್ಲೆಲ್ಲ ಇದೆ. ಕಣ ಮಾಡಿ ರೋಣಗಲ್ಲು ಎಳೆಸುವ ಶ್ರಮವು ರೈತನಿಗೆ ತಪ್ಪುತ್ತದೆ. ಕಾರಿಗೆ ತಪ್ಪುವುದಿಲ್ಲ. ಹೊಟ್ಟು, ಹುಲ್ಲುಕಡ್ಡಿ, ಧೂಳು ಮೇಲೆದ್ದು ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತವೆ; ಹಿಂದಿನಿಂದ ಸೆಳೆಯುವ ಬೀಸಣಿಗೆಯೇ ಅವನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕೂರಿಸುತ್ತದೆ. ಹವಾನಿಯಂತ್ರಣದ ಕಾರುಗಳಲ್ಲಿ ಈ ಕಸವು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಣ ಸಂದಿನಲ್ಲಿ ಸೇರಿಕೊಂಡು ಮುಂದಿನಿಂದ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರವು ತಣಿದ ಮೇಲೆ ಹಿಂಬದಿಯಿಂದ ಮುಂದಕ್ಕೆ, ರೆಕ್ಕೆಗಳು ಬಾಗದಂತೆ, ಮೆಲುವಾದ ಒತ್ತಡದಲ್ಲಿ ನೀರು ಅಥವಾ ಗಾಳಿಯನ್ನು ಹಾಯಿಸಿ ತೊಳೆಯಬೇಕು. ಹೊಸ ಬೀಸಣಿಗೆಯ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಈ ಕೆಲಸವನ್ನು ಮಾಡಿದವರಲ್ಲಿ ಅನೇಕರಿಗೆ ಆ ಬೀಸಣಿಗೆಯೇ ಬೇಕಾಗುವುದಿಲ್ಲ.

ವಿದ್ಯುತ್ ಬೀಸಣಿಗೆಯು ಬೆಲ್ಟನ್ನು ಎಲ್ಲೆಡೆಯೂ ಗೆದ್ದಿತೆಂದು ಇಷ್ಟರಿಂದ ತಿಳಿಯಬಾರದು. ಚಳ್ಳಕೆರೆಯ ಮಾರುಕಟ್ಟೆಯಿಂದ ಹೊರಡುವ ಲಾರಿಗಳ ವಿಚಾರವೇ ಬೇರೆ. ದೊಡ್ಡ ಡೀಸೆಲ್ ಲಾರಿಯ ಬೀಸಣಿಗೆಗೆ ಪೂರ್ಣವೇಗದಲ್ಲಿ ೧೫ ಕಿಲೋವ್ಯಾಟು ಶಕ್ತಿ ಬೇಕೆಂದು ಇಟ್ಟುಕೊಂಡರೆ ೨೪ ವೋಲ್ಟಿನ ಬ್ಯಾಟರಿಯ ವ್ಯವಸ್ಥೆಯಲ್ಲಿ ೬೦೦ ಆಂಪಿಯರಿಗೂ ಮೇಲೆ ಎಳೆಯಬೇಕಾಗುತ್ತದೆ. ಅಷ್ಟನ್ನು ಕೊಡುವ ಆಲ್ಟರ್ನೇಟರು ಸಾಮಾನ್ಯ ಲಾರಿಯಲ್ಲಿಲ್ಲ. ಆದ್ದರಿಂದ ಲಾರಿಯಲ್ಲಿ ಬೀಸಣಿಗೆಯು ಯಂತ್ರದ ದಂಡವನ್ನೇ ಆಶ್ರಯಿಸಿ ಉಳಿಯಿತು, ಆದರೆ ಹಳೆಯ ರೀತಿಯಲ್ಲಲ್ಲ. ದಂಡಕ್ಕೂ ಬೀಸಣಿಗೆಗೂ ನಡುವೆ ಸಿಲಿಕೋನ್ ದ್ರವದ ಒಂದು ಕ್ಲಚ್ಚು ಬಂದಿತು. ಅದರ ಮುಖದ ಮೇಲಿರುವ ಎರಡು ಲೋಹಗಳ ಸುರುಳಿಯು ರೇಡಿಯೇಟರಿನಿಂದ ಬರುವ ಗಾಳಿಯ ಬಿಸಿಗೆ ಅರಳಿ ಕವಾಟವನ್ನು ತೆರೆದಾಗ ದ್ರವವು ಒಳಹರಿದು ಬೀಸಣಿಗೆಯನ್ನು ಹಿಡಿದು ತಿರುಗಿಸುತ್ತದೆ. ಗಾಳಿ ತಣಿದೊಡನೆ ದ್ರವವು ಹಿಂದಿರುಗಿ ಹಿಡಿತ ಸಡಿಲುತ್ತದೆ. ಈಚಿನ ಲಾರಿಗಳಲ್ಲಿ ಸುರುಳಿಯ ಬದಲು ಎಲೆಕ್ಟ್ರಾನಿಕ್ ಆಜ್ಞೆಯಿಂದ ಕವಾಟವು ತೆರೆಯುವುದೂ ಉಂಟು. ಎಣ್ಣೆಯ ಗಿರಣಿಗಳಲ್ಲಿ ಹಲವು ಈಚಿನ ದಶಕಗಳಲ್ಲಿ ಬಾಗಿಲು ಮುಚ್ಚಿದ್ದರೂ ಶೇಂಗಾ ತುಂಬಿದ ಲಾರಿಯು ಹಾನಗಲ್ಲಿನ ಕಡೆಗೆ ಏರನ್ನು ಹತ್ತುವಾಗ, ಇದ್ದಕ್ಕಿದ್ದಂತೆ ಬಿರುಗಾಳಿಯಂಥ ಮೊರೆತವೊಂದು ಕೇಳಿ ಕೆಲವು ನಿಮಿಷಗಳಲ್ಲಿ ಅಡಗಿದರೆ, ಅದು ಈ ಕ್ಲಚ್ಚು ಬೀಸಣಿಗೆಯನ್ನು ಹಿಡಿದು ಬಿಟ್ಟ ಸದ್ದು.